ಆರಿಸದ ಬುಟ್ಟಿ

ನಮ್ಮಣ್ಣ ಮೀನು ಹಿಡಿಯುತ್ತಾನೆ, ನಾನು ಅವುಗಳ ವಯಸ್ಸು ಎಣಿಸುತ್ತೇನೆ. ಮೀನಿನ ತಲೆಯೊಳಗೆ ಅಕ್ಕಿಕಾಳಿನಷ್ಟು ಪುಟ್ಟ ಕಿವಿಗಲ್ಲು ಇರುತ್ತದೆ. ಅದನ್ನು ತೆಳ್ಳಗೆ ಸೀಳಿ ಮೈಕ್ರೋಸ್ಕೋಪಿನಡಿ ಇಟ್ಟರೆ ವರ್ಷಕ್ಕೊಂದರಂತೆ ಉಂಗುರಗಳು ಕಾಣುತ್ತವೆ. ಅಣ್ಣ ನನ್ನನ್ನು ಕರೆಯುವುದೇ 'ಜೋಯಿಸಮ್ಮ' ಎಂದು.

ಹಿಂದೆ ಎಷ್ಟು ಕಲ್ಲು ಸೀಳಿದರೂ ಮೂರು ಉಂಗುರ ದಾಟುತ್ತಿರಲಿಲ್ಲ. ಬಲೆಗಳು ಹಿರಿಯ ಮೀನುಗಳನ್ನೆಲ್ಲ ಬಾಚಿದ್ದರಿಂದ ಸಮುದ್ರದಲ್ಲಿ ಎಳೆಯವೇ ಉಳಿದಿದ್ದವು. ಹಿರಿಯ ಹೆಣ್ಣು ಇಡುವಷ್ಟು ಮೊಟ್ಟೆ ಇವು ಇಡಲಾರವು. ಒಂದು ವರ್ಷ ಮರಿಗಳು ಕೈಕೊಟ್ಟರೆ ಸಮುದ್ರವೇ ಖಾಲಿ. ಮೀನು ಮೊಟ್ಟೆಯಿಡುವ ಸಮುದ್ರದೊಳಗಿನ ದಿಬ್ಬದ ಮೇಲೆ ಬಲೆ ಬೀಸಬೇಡಿ ಎಂದು ಮೀನುಗಾರರ ಸಭೆಯಲ್ಲಿ ಗಂಟಲು ಹರಿದುಕೊಂಡೆ. ಅತ್ತಿಗೆಗೆ ಆಗ ತುಂಬಿದ ಬಸಿರು. ಆದರೂ ಮೊದಲು ಕೈ ಎತ್ತಿದವನು ಅಣ್ಣ. "ತಂಗಿ ಮಾತು ಕೇಳ್ಕೊಂಡು ಹೊಟ್ಟೆ ಮೇಲೆ ತಣ್ಣೀರು ಬಟ್ಟೆ ಹಾಕ್ಕೊ" ಎಂದು ಉಳಿದವರು ಅಣಕಿಸಿದರು. ಆಮೇಲೆ ಗೊಣಗುತ್ತಲೇ ಒಪ್ಪಿದರು.

ಈಗ ದಿಬ್ಬವನ್ನು ಮತ್ತೆ ತೆರೆಯಬೇಕೇ ಎಂದು ಸಭೆ ಸೇರಲಿತ್ತು. ಹಿರಿಯ ಮೀನು ಮರಳಿದ್ದರೆ ಅಲ್ಲಿನ ನಿಷೇಧ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಪರೀಕ್ಷೆಗೆಂದು ಅಲ್ಲಿ ಒಂದೇ ಬಾರಿ ಬಲೆ ಎಳೆಯಲು ಅಣ್ಣನಿಗೆ ಅನುಮತಿ ಸಿಕ್ಕಿತು. ಅವನು ತಂದ ಬುಟ್ಟಿ ತೆರೆದರೆ ಎಲ್ಲವೂ ತೋಳುದ್ದದ ಮೀನುಗಳು.

"ಚಿಕ್ಕವು ಎಲ್ಲಿ?"

"ನಿನಗೆ ಮುದುಕರೇ ಬೇಕಲ್ವೇನೇ? ಆರಿಸಿ ತಂದಿದೀನಿ." ಅವನ ಮುಖದ ತುಂಬ ನಗು.

ನನಗೆ ಪಿತ್ತ ನೆತ್ತಿಗೇರಿತು. "ಬರೀ ಅಜ್ಜಂದಿರನ್ನ ಸಾಲಾಗಿ ನಿಲ್ಲಿಸಿ ಊರಿನ ವಯಸ್ಸು ಎಣಿಸ್ತಾರೇನೋ ಅಣ್ಣಾ? ಸಭೇಲಿ ಯಾರಾದ್ರೂ ಕೇಳಿದ್ರೆ ನನ್ನ ಮಾತೂ ಹೋಯ್ತು, ನಿನ್ನ ಮರ್ಯಾದೇನೂ ಹೋಯ್ತು. ಬಲೆಗೆ ಬಿದ್ದದ್ದೆಲ್ಲ ಬೇಕು!"

ಅವನ ನಗು ಇಳಿಯಿತು. ದೋಣಿಗೆ ಹೋಗಿ, ಐಸಿನಲ್ಲಿದ್ದ ಮಿಕ್ಕ ಮೀನನ್ನೆಲ್ಲ ಹೊತ್ತು ತಂದು ನೆಲಕ್ಕೆ ಸುರಿದ. ನಾನು ಕಲ್ಲು ತೆಗೆಯಲು ಕೂತೆ, ಅವನು ತಲೆ ಕತ್ತರಿಸಿಕೊಟ್ಟ.

ದೊಡ್ಡ ಮೀನುಗಳು ನಮ್ಮನ್ನು ಬೇಸ್ತು ಬೀಳಿಸಿದವು. ಹಲವು ಚೆನ್ನಾಗಿ ತಿಂದು ಬೇಗ ಬೆಳೆದ ನಡುವಯಸ್ಸಿನವು. ಎಲ್ಲಕ್ಕಿಂತ ಹಿರಿಯ ಕಲ್ಲು ಸಿಕ್ಕಿದ್ದು, ಅಣ್ಣ ಲೆಕ್ಕಕ್ಕಿಲ್ಲವೆಂದು ಬಿಟ್ಟುಬಂದಿದ್ದ ಬಡಕಲು ಮೀನಿನ ತಲೆಯಲ್ಲಿ. ಒಂದು ವರ್ಷದವರಿಂದ ಹಿಡಿದು ಎಲ್ಲ ವಯಸ್ಸಿನವರೂ ಆ ರಾಶಿಯಲ್ಲಿದ್ದರು. ಇನ್ನು ಸಭೆಗೆ ಹೆದರಬೇಕಿರಲಿಲ್ಲ.

ಅಣ್ಣನನ್ನೇ ಎಳೆದು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದೆ. ಒಂದು ಕಣ್ಣು ಮುಚ್ಚಿ ಆ ಹಿರಿಯ ಕಲ್ಲಿನ ಉಂಗುರ ಎಣಿಸಿದ. ಒಂಬತ್ತಕ್ಕೆ ನಿಂತ.

"ನಮ್ಮ ಪುಟ್ಟಿ ವಯಸ್ಸು ಕಣೇ. ಅವಳು ಹುಟ್ಟಿದ ವರ್ಷವೇ ಅಲ್ವಾ ನಾವು ಅಲ್ಲಿ ಬಲೆ ನಿಲ್ಸಿದ್ದು?"

"ಹೂಂ. ಆ ವರ್ಷದ ಮರಿ ಇದು. ಅವತ್ತು ನೀನು ನನ್ನ ಮಾತು ನಂಬದೇ ಇದ್ದಿದ್ರೆ..."

"ನಂಬಿದ್ನಾ?" ಅಣ್ಣ ಕಣ್ಣು ತೆಗೆಯದೆ ನಕ್ಕ. "ನೀನು ಹೇಳಿದ್ದು ಒಂದಕ್ಷರ ಅರ್ಥ ಆಗಿರ್ಲಿಲ್ಲ. ಅಷ್ಟು ಜನರ ಮುಂದೆ ಒಬ್ಬಳೇ ನಿಂತಿದ್ದೆಯಲ್ಲ, ಕೈ ಎತ್ತಿದೆ."

ನಾನು ಮುಂದಿನ ಕಲ್ಲು ಕೈಗೆತ್ತಿಕೊಂಡೆ. ಕಣ್ಣು ಮಂಜಾಗಿ, ಅದನ್ನು ಸೀಳಲು ಸ್ವಲ್ಪ ಹೊತ್ತು ಬೇಕಾಯಿತು.