ಹೋಗದೇ ಉಳಿದ ಆಸ್ಪತ್ರೆ

"ರೂರ್ಡ್ ಹೆಟ್ಟಿಂಗಾ ಅವರಾ? ನಾನು ಹಾನೆಕೆ, ಏವರ್ಟ್ ಕೋಲ್ಕ್‌ಮನ್ ಹೆಂಡತಿ. ಅವ್ರಿಗೆ ನಿಮ್ಮನ್ನ ನೋಡ್ಬೇಕಂತೆ. ಜಾಸ್ತಿ ದಿನ ಇಲ್ಲ."

ರೂರ್ಡ್ ಫೋನ್ ಹಿಡಿದುಕೊಂಡೇ ಕುರ್ಚಿ ತಡವಿ ಕೂತ. ಮೂವತ್ತೇಳು ವರ್ಷಗಳಿಂದ ಅವನ ಮನೆಯಲ್ಲಿ ಯಾರೂ ಎತ್ತದ ಹೆಸರು ಅದು.

ಆಗ ಅವನಿಗೆ ಇಪ್ಪತ್ತೇಳು. ಲೇವಾರ್ಡನ್ ಊರಿನ ಎರಡನೇ ದರ್ಜೆಯ ಫುಟ್‌ಬಾಲ್ ತಂಡದಲ್ಲಿ ರಕ್ಷಣೆಯ ಆಟಗಾರ. ಅವನನ್ನು ದಾಟಿ ಹೋಗುವುದು ಸುಲಭವಲ್ಲ ಎಂದು ಪತ್ರಿಕೆಗಳು ಬರೆಯುತ್ತಿದ್ದ ಕಾಲ. ನವೆಂಬರಿನ ಒಂದು ಭಾನುವಾರ, ಕೆಸರು ತುಂಬಿದ ಮೈದಾನದಲ್ಲಿ, ಡೆವೆಂಟರಿನಿಂದ ಬಂದ ಎದುರು ತಂಡದ ಏವರ್ಟ್ ಎಂಬ ಇಪ್ಪತ್ತೆರಡರವನು ಅವನನ್ನು ಎರಡು ಸಲ ದಾಟಿದ. ಮೂರನೇ ಸಲ ರೂರ್ಡ್ ಜಾರಿ ಕಾಲು ಚಾಚಿದ. ಚೆಂಡು ಸಿಕ್ಕಿತು. ಅದರ ಬೆನ್ನಿಗೇ ಏವರ್ಟನ ಕಾಲೂ ಸಿಕ್ಕಿತು. ಮೂಳೆ ಮುರಿದ ಆ ಸದ್ದಿಗೆ ಇಡೀ ಗ್ಯಾಲರಿ ಬಾಯಿ ಮುಚ್ಚಿತು.

ಆಸ್ಪತ್ರೆ ಅದೇ ಊರಿನಲ್ಲಿ, ಎರಡು ಬೀದಿ ಆಚೆ. ಮರುದಿನ ಹೂ ಹಿಡಿದು ಹೊರಟವನನ್ನು ತರಬೇತುದಾರ ತಡೆದಿದ್ದ. "ಹೋದ್ರೆ ತಪ್ಪು ಒಪ್ಕೊಂಡ ಹಾಗೆ. ಪೇಪರ್‌ನವ್ರು ಬಿಡ್ತಾರಾ? ಮನೇಲಿ ಬಿದ್ಕೋ ಸುಮ್ನೆ." ರೂರ್ಡ್ ಆ ಹೂವನ್ನು ತಾಯಿಗೆ ಕೊಟ್ಟ. ಮುಂದಿನ ವಾರ ಹೋದರಾಯಿತು ಎಂದುಕೊಂಡ. ಮುಂದಿನ ವಾರ, ಏವರ್ಟ್ ಇನ್ನೆಂದೂ ಆಡುವಂತಿಲ್ಲ ಎಂದು ಪತ್ರಿಕೆಯಲ್ಲಿ ಬಂತು. ಆಮೇಲೆ ಯಾವ ಮುಖ ಹೊತ್ತು ಹೋಗುವುದು?

ಫೋನ್ ಬಂದ ಮೂರನೇ ದಿನ ಅವನು ಡೆವೆಂಟರಿಗೆ ಹೋದ. ಮಹಡಿಯ ಮಂಚವನ್ನು ಕೆಳಗೆ ತಂದು ಬೀದಿಯ ಕಡೆಯ ಕಿಟಕಿಯ ಪಕ್ಕ ಹಾಕಿದ್ದರು. ಅದರಲ್ಲಿ ಏವರ್ಟ್ ಒಂದು ಹಿಡಿಯಾಗಿ ಮಲಗಿದ್ದ. ಹಾನೆಕೆ ಒಳಗೆ ಬಿಟ್ಟಳೇ ಹೊರತು ಕೈ ಕುಲುಕಲಿಲ್ಲ.

"ಬಂದ್ಯಾ? ಬಹಳ ನಿಧಾನ ಕಣೋ ನೀನು," ಎಂದ ಏವರ್ಟ್. "ಆಗ್ಲೂ ಅಷ್ಟೇ, ಎರಡು ಸಲ ಬಿಟ್ಟೇಬಿಟ್ಟೆ ನನ್ನ."

ರೂರ್ಡನಿಗೆ ನಗಲಾಗಲಿಲ್ಲ. ರೈಲಿನಲ್ಲಿ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಒಂದನ್ನಷ್ಟೇ ಹೇಳಿದ. "ನಾನು… ಬೇಕು ಅಂತ ಮಾಡಿದ್ದಲ್ಲ."

"ಗೊತ್ತು ಮಾರಾಯ. ಚೆಂಡಿಗೇ ಬಂದೆ ನೀನು. ನಾನೇ ನೋಡ್ದೆ." ಏವರ್ಟ್ ಮಾತು ನಿಲ್ಲಿಸಿ ಉಸಿರೆಳೆದುಕೊಂಡ. "ಅದನ್ನ ನಿಂಗೆ ಹೇಳೋಣ ಅಂತಾನೇ ಆಸ್ಪತ್ರೇಲಿ ಹನ್ನೊಂದು ದಿನ ಕಾದೆ. ಬಾಗ್ಲು ತೆಗೆದಾಗೆಲ್ಲ ನೀನೇ ಅಂದ್ಕೊಂಡೆ. ನರ್ಸು ಬರೋಳು, ಅಮ್ಮ ಬರೋಳು. ನೀನು ಬರ್ಲಿಲ್ಲ. ಕಾಲಿಗಿಂತ ಅದೇ ನೋವಾಯ್ತು ನಂಗೆ."

ರೂರ್ಡ್ ತಲೆ ತಗ್ಗಿಸಿದ. "ಆಮೇಲೆ ನಂಗೂ ಆಡೋಕಾಗ್ಲಿಲ್ಲ," ಎಂದ. "ಯಾರಾದ್ರೂ ಎದುರು ಬಂದ್ರೆ ಕಾಲು ಹಿಂದಕ್ಕೆ ಹೋಗೋದು. ಎರಡು ವರ್ಷ ಬೆಂಚಲ್ಲಿ ಕೂರಿಸಿ ಕಳಿಸಿಬಿಟ್ರು. ಸ್ನೇಕ್ ಊರಲ್ಲಿ ಅಂಚೆ ಹಂಚ್ಕೊಂಡು ಅಲ್ಲೇ ಉಳ್ದೆ."

"ಪೇಪರಲ್ಲಿ ನಿನ್ನ ಹೆಸರು ಬರೋದು ನಿಂತಾಗ ಖುಷಿಪಟ್ಟೆ ನಾನು," ಎಂದ ಏವರ್ಟ್. "ಒಂದು ವಾರ. ಆಮೇಲೆ ಯಾಕೋ ಪಂದ್ಯದ ಸುದ್ದಿ ಬರೋ ಸೋಮವಾರದ ಪೇಪರ್ ತೆರೆಯೋಕೇ ಮನಸ್ಸಾಗ್ಲಿಲ್ಲ. ಒಂದ್ಸಲ ಬಂದಿದ್ರೆ ಇಬ್ರಲ್ಲಿ ಒಬ್ನಾದ್ರೂ ಆಡ್ತಿದ್ನಲ್ಲೋ, ಪೆದ್ದಾ!"

ರೂರ್ಡ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ. ಏವರ್ಟ್ ತಡೆಯಲಿಲ್ಲ, ಅಳು ಮುಗಿಯುವವರೆಗೂ ಬೀದಿ ನೋಡುತ್ತಿದ್ದ.

"ಇನ್ನೊಂದು ಮಾತು. ನನ್ನ ಹೆಣದ ಪೆಟ್ಟಿಗೆ ಹೊರೋಕೆ ಐದು ಜನ ಇದಾರೆ. ಆರನೇವ್ನು ನೀನು."

"ನಾನಾ?"

"ಮತ್ತೆ? ಅವತ್ತು ಸ್ಟ್ರೆಚರ್‌ಗೆ ನೀನು ಕೈ ಹಾಕ್ಲಿಲ್ಲ. ಈಗ್ಲಾದ್ರೂ ಹಾಕು."

ಒಂಬತ್ತು ದಿನಕ್ಕೆ ಏವರ್ಟ್ ತೀರಿಕೊಂಡ. ಪೆಟ್ಟಿಗೆ ಹಗುರವಾಗಿತ್ತು. ಆದರೂ ಗುಂಡಿಯವರೆಗಿನ ನೂರು ಹೆಜ್ಜೆಯನ್ನು ರೂರ್ಡ್, ಎಲ್ಲಿ ಎಡವುತ್ತೇನೋ ಎಂದು ಹಲ್ಲು ಕಚ್ಚಿ ನಡೆದ.

ಮಣ್ಣು ಮಾಡಿದ ಮೇಲೆ ಅಲ್ಲಿನ ರೂಢಿಯಂತೆ ಎಲ್ಲರೂ ಕಾಫಿಗೆ, ಕೇಕಿಗೆ ಸ್ಮಶಾನದ ಪಕ್ಕದ ಕೋಣೆಯೊಳಗೆ ಹೋದರು. ಬಾಗಿಲಲ್ಲೇ ನಿಂತಿದ್ದ ರೂರ್ಡನ ಹತ್ತಿರ ಹಾನೆಕೆ ಬಂದಳು.

"ಅವ್ರು ಕ್ಷಮಿಸಿದ್ರು. ನಂಗೆ ಇನ್ನೂ ಆಗಿಲ್ಲ. ಚಳಿಗಾಲ ಬಂದ್ರೆ ಅವ್ರ ಕಾಲು ಒತ್ತುತ್ತಾ ಕೂತೋಳು ನಾನು."

"ಆಗ್ಬೇಕು ಅಂತ ನಾನೂ ಕೇಳಲ್ಲ."

ಅವಳು ಅವನನ್ನೇ ನೋಡಿದಳು. "ಕಾಫಿ ಕುಡ್ಕೊಂಡು ಹೋಗಿ. ದೂರ ಹೋಗ್ಬೇಕು ನೀವು," ಎಂದು ನೆಂಟರ ಕಡೆಗೆ ತಿರುಗಿದಳು.

ಅವನು ನಿಂತೇ ಕುಡಿದ. ಝ್ವೊಲ್ಲೆ ನಿಲ್ದಾಣದಲ್ಲಿ ರೈಲು ಬದಲಿಸುವಾಗ ಪೆಟ್ಟಿಗೆ ಹೊತ್ತಿದ್ದ ಬಲಭುಜ ನೋಯತೊಡಗಿತು. ಸ್ನೇಕ್ ಮುಟ್ಟುವವರೆಗೂ ಅವನು ಅದನ್ನು ಉಜ್ಜಿಕೊಳ್ಳಲಿಲ್ಲ.