ಟ್ಯಾಂಕಿನ ಶುದ್ಧಿ

"ಕೈ ಇನ್ನೂ ಕೆಳಗಿಡಯ್ಯ, ಚೊಂಬಿಗೆ ತಾಗತ್ತೆ."

ಗೋದಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು ನೀರು ಹೊಯ್ಯುತ್ತಿದ್ದರು. ಕೆಳಗೆ ಮುನಿಯಣ್ಣ ಬೊಗಸೆಯೊಡ್ಡಿ ಬಗ್ಗಿದ್ದ. ಬೆಳಗಿನಿಂದ ತುಕ್ಕು ಕೆರೆದ ಕೈ. ಮೊದಲ ಬೊಗಸೆ ಕೆಂಪಾಯಿತು, ಚೆಲ್ಲಿದ. ಎರಡನೆಯದೂ ಕೆಂಪಾಯಿತು, ಕುಡಿದ. ಅಷ್ಟರಲ್ಲಿ ಚೊಂಬು ಬರಿದಾಗಿತ್ತು.

1978ರ ಏಪ್ರಿಲ್. ಆರ್.ಟಿ. ನಗರದ ಆ ಹೊಸ ಬಡಾವಣೆಗೆ ನೀರು ಕೊಡುವ ಉಕ್ಕಿನ ಟ್ಯಾಂಕು ಮೂವತ್ತಡಿಯ ನಾಲ್ಕು ಕಾಲುಗಳ ಮೇಲೆ ನಿಂತಿತ್ತು. ಹಿಡಿದ ತುಕ್ಕು ಇನ್ನಷ್ಟು ತಿನ್ನುವ ಮುಂಚೆ ತಡೆಯಬೇಕೆಂದು ನಿವಾಸಿಗಳ ಸಂಘ ಜಕ್ಕೂರಿನ ಕೇರಿಯಿಂದ ಮುನಿಯಣ್ಣನನ್ನೂ ಶಿವಪ್ಪನನ್ನೂ ಕರೆಸಿತ್ತು. ಇಬ್ಬರೂ ಕಾಲುಗಳನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ ಕೆಂಪು ಬಣ್ಣ ಬಳಿದರು. ಟ್ಯಾಂಕಿನ ಬುಡದಲ್ಲೇ ನಲ್ಲಿಯಿತ್ತು. ಅದನ್ನು ಮುಟ್ಟುವಂತಿರಲಿಲ್ಲ.

ನಾವೇ ಒಂದು ಲೋಟ ತಂದು ನಲ್ಲಿಯಲ್ಲಿ ಹಿಡಿದುಕೊಳ್ಳುತ್ತೇವೆ ಎಂದು ಮುನಿಯಣ್ಣ ಸಂಘದ ಕಾರ್ಯದರ್ಶಿ, ಗೋದಮ್ಮನ ಗಂಡ ಸೇತುರಾಮಯ್ಯನವರನ್ನು ಕೇಳಿದ್ದ.

"ನಾನು ಅದನ್ನೆಲ್ಲ ನಂಬೋನಲ್ಲಪ್ಪ," ಎಂದಿದ್ದರು ಅವರು. "ಜನ ಒಪ್ಪಲ್ಲ."

ಜನರನ್ನು ಯಾರೂ ಕೇಳಿರಲಿಲ್ಲ.

ಆಮೇಲೆ ಟ್ಯಾಂಕು ಬರಿದು ಮಾಡಿಸಿ ಇಬ್ಬರನ್ನೂ ಒಳಗಿಳಿಸಿದರು. ಅಲ್ಲಿ ಬಾಣಲೆಯ ಬಿಸಿ. ಗೋಡೆಯ ತುಕ್ಕಿನ ಹಕ್ಕಳೆ ಸುತ್ತಿಗೆಯ ಏಟಿಗೆ ಉದುರಿ ತಲೆಯ ಮೇಲೆ ಬೀಳುತ್ತಿತ್ತು. ಇಬ್ಬರೂ ಅಲ್ಲೇ ಬೆವೆತರು, ಕೆಮ್ಮಿದರು, ಮಧ್ಯಾಹ್ನ ಅಲ್ಲೇ ಕೂತು ಮುದ್ದೆ ಉಂಡರು.

"ಅಣ್ಣೋ, ಅವ್ರು ಕುಡಿಯೋ ನೀರಿನ ವಟ್ಟೇಲೇ ಕುಂತೀವಿ," ಎಂದ ಶಿವಪ್ಪ. "ನಲ್ಲಿ ಮಾತ್ರ ಮುಟ್ಬಾರ್ದಂತೆ."

"ಮುಚ್ಕೊಂಡ್ ಉಜ್ಜೋ, ಬೋಳಿಮಗ್ನೆ," ಎಂದ ಮುನಿಯಣ್ಣ. ನಗು ಅವನಿಗೂ ತಡೆಯಲಿಲ್ಲ.

ಒಳಗೋಡೆಗೆ ಬಳಿದ ಸಿಮೆಂಟಿನ ತಿಳಿ ಒಣಗಿದ ಮೇಲೆ ಸೇತುರಾಮಯ್ಯ ಪುರೋಹಿತರನ್ನು ಕರೆತಂದರು. ನೀರು ತುಂಬುವ ಮುಂಚೆ ಶುದ್ಧಿಯಾಗಬೇಕಂತೆ. ಯಾಕೆಂದು ಯಾರೂ ಹೇಳಲಿಲ್ಲ. ಮಂತ್ರ ಮುಗಿಯಿತು. ತಾಮ್ರದ ಚೊಂಬಿನ ತೀರ್ಥವನ್ನು ಟ್ಯಾಂಕಿನೊಳಗೆ ಚಿಮುಕಿಸುವುದಷ್ಟೇ ಬಾಕಿ.

ಪುರೋಹಿತರು ಏಣಿ ನೋಡಿದರು. ಪಂಚೆ ಎತ್ತಿ ಕಟ್ಟಿ ಮೂರು ಮೆಟ್ಟಿಲು ಹತ್ತಿ, ಮಂಡಿ ನೋವೆಂದು ಇಳಿದರು. ಸೇತುರಾಮಯ್ಯನವರಿಗೆ ಎತ್ತರಕ್ಕೆ ಹೋದರೆ ತಲೆಸುತ್ತು. ನೆರೆದಿದ್ದ ಗಂಡಸರೆಲ್ಲ ಆಫೀಸಿಗೆ ಹೊತ್ತಾಯಿತೆಂದರು, ಆದರೆ ಯಾರೂ ಹೋಗಲಿಲ್ಲ.

"ಮುನಿಯಣ್ಣ, ನೀನೇ ಒಳಗಿಳಿದು ಚಿಮುಕಿಸಿ ಬಂದ್ಬಿಡಪ್ಪ," ಎಂದರು ಸೇತುರಾಮಯ್ಯ.

"ನಾವ್ ಒಳೀಕ್ ಓಗಿದ್ಕೇ ಅಲ್ವಾ ಸ್ವಾಮಿ, ಈ ಶುದ್ಧಿ?"

"ಅದು ಬೇರೆ, ಇದು ಬೇರೆ."

"ಇವಾಗ್ ಮತ್ತೆ ಒಳೀಕ್ ಓದ್ರೆ ಇನ್ನೊಂದ್ ಕಿತ ಮಾಡುಸ್ಬೇಕಾಯ್ತದೆ, ನೋಡ್ಕಳಿ."

ಸೇತುರಾಮಯ್ಯ ಪುರೋಹಿತರ ಮುಖ ನೋಡಿದರು. ತೀರ್ಥಕ್ಕೆ ಮೈಲಿಗೆಯಿಲ್ಲ ಎಂದರು ಪುರೋಹಿತರು. ಚೊಂಬನ್ನು ನೆಲದ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

ಮುನಿಯಣ್ಣ ಅದನ್ನೆತ್ತಿಕೊಂಡು ಒಂದೇ ಕೈಯಲ್ಲಿ ಏಣಿ ಹಿಡಿದು ಹತ್ತಿದ. ಟ್ಯಾಂಕಿನ ಮುಚ್ಚಳ ತೆರೆದ. ಒಳಗೆ ಇಳಿಯಲಿಲ್ಲ. ಅಂಚಿನ ಮೇಲೆ ಕಾಲು ಇಳಿಬಿಟ್ಟು ಕೂತ. ಕೆಳಗೆ ಎಲ್ಲರೂ ಕೈಮುಗಿದು ಮೇಲೆ ನೋಡುತ್ತಿದ್ದರು.

ಅವನು ಚೊಂಬನ್ನು ಎತ್ತಿ ಬಾಯಿಗೆ ಹೊಯ್ದುಕೊಳ್ಳಲಿಲ್ಲ. ಅದರ ಕಂಠಕ್ಕೇ ಬಾಯಿಟ್ಟು, ಅವಸರವಿಲ್ಲದೆ ಕುಡಿದ. ನೀರು ತಣ್ಣಗಿತ್ತು. ಕೆಳಗೆ ಮುಗಿದ ಕೈಗಳು ಹಾಗೇ ನಿಂತವು.

ಬಾಯಿ ಒರೆಸಿಕೊಂಡು ಅವನು ಕೂಗಿದ:

"ಏ ಶಿವಪ್ಪ, ಮ್ಯಾಕ್ ಬಾರೋ. ಇನ್ನೂ ಅರ್ಧ ಐತೆ."