ತೂಗಿ ಕತ್ತರಿಸಿದ ಮಾತ್ರೆ

"ಹೆಂಡತಿ ನುಂಗೋ ಮಾತ್ರೇಲೂ ಉಳಿತಾಯ ಮಾಡ್ತೀಯಾ? ಥೂ, ನಿನ್ನ ಜಿಪುಣತನಕ್ಕಿಷ್ಟು!"

ಭಾವ ಅಂಗಡಿಯ ಬಾಗಿಲಲ್ಲೇ ನಿಂತು ಕೂಗಿದ. ಅಕ್ಕಸಾಲಿ ಕೂತಲ್ಲಿಂದ ಏಳಲಿಲ್ಲ.

"ಕೂಗಬೇಡ ಭಾವ, ನಿನ್ನ ತಂಗಿ ಒಳಗಿದಾಳೆ. ಹಳೇ ಮಾತ್ರೆ ಬಿಡಿಸಿ ಬೇರೆ ಡಾಕ್ಟ್ರ ಹತ್ರ ಈ ಹೊಸದನ್ನ ಬರೆಸಿದೋನು ನೀನು. ಕೊಳ್ಳೋನು ನಾನು. ದಿನಕ್ಕೆ ಅರ್ಧ ಕೊಟ್ಟೆ, ನಿಜ. ಆದ್ರೆ ಗುಲಗಂಜಿಯಷ್ಟೂ ಹೆಚ್ಚುಕಮ್ಮಿ ಇಲ್ಲ. ಚಿನ್ನದ ತಕ್ಕಡೀಲಿ ತೂಗಿ ಕತ್ತರಿಸಿದೀನಿ!"

ಅಕ್ಕಸಾಲಿಯ ಹೆಂಡತಿಗೆ ಯಾರೂ ಇಲ್ಲದಾಗ ಬೈಯುವ ದನಿಗಳು ಕೇಳುವ ಕಾಯಿಲೆ. ಹಳೇ ಮಾತ್ರೆಯಿಂದ ಅದು ನಿಂತಿತ್ತು. ಮಣಿಸರ ಪೋಣಿಸುತ್ತ ಗಂಡನ ಪಕ್ಕದಲ್ಲೇ ಕೂರುತ್ತಿದ್ದಳು. ಈಗ ದನಿ ಮತ್ತೆ ಬಂದಿತ್ತು. ಕಿಟಕಿ ಮುಚ್ಚಿ ಮೂಲೆಯಲ್ಲಿ ಕೂತು ಯಾರಿಗೋ ಉತ್ತರ ಕೊಡುತ್ತಿದ್ದಳು. ಏನು ಅನಾಹುತವಾದೀತೋ ಎಂದು ಮಗಳು ಒಡವೆ ತೊಳೆಯುವ ಆಸಿಡ್ ಬಾಟಲಿಯನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದಿದ್ದಳು. ಆ ಮನೆಯಲ್ಲಿ ಯಾರಿಗೂ ನೆಟ್ಟಗೆ ನಿದ್ದೆ ಇರಲಿಲ್ಲ.

ಅಕ್ಕಸಾಲಿಯ ಹೆಂಡತಿಯನ್ನು ನೋಡಲು ಬಂದಿದ್ದ ನರ್ಸಕ್ಕ ಜಗಳ ಕೇಳಿ ಹೊರಗೆ ಬಂದಳು.

"ಕತ್ತರಿಸಿದ್ರಾ? ಅಯ್ಯೋ ಮಾರಾಯ್ರೇ! ಇದು ಹೊಟ್ಟೇಲಿ ದಿನವಿಡೀ ನಿಧಾನವಾಗಿ ಕರಗೋ ಮಾತ್ರೆ. ಕತ್ತರಿಸಿದ್ರೆ ಇದ್ದದ್ದೆಲ್ಲ ಬೇಗ ಕರಗಿಹೋಗುತ್ತೆ, ಆಮೇಲೆ ಖಾಲಿ. ಅದರಲ್ಲೂ ಅರ್ಧ ಡೋಸು! ಕಾಯಿಲೆ ತಿರುಗಿ ಬರದೆ ಇನ್ನೇನು?"

ಅಕ್ಕಸಾಲಿಯ ಮುಖ ಬಿಳಿಚಿತು. "ನಾನೇ ತಂದುಕೊಂಡೆನಾ ಇದನ್ನ?"

"ಅಳೋದು ಆಮೇಲೆ. ಎದ್ದೇಳಿ, ನಿಮ್ಮ ಹೆಂಡತೀನೂ ಕರ್ಕೊಂಡು ಎಲ್ರೂ ಡಾಕ್ಟ್ರ ಹತ್ರ ಹೋಗೋಣ."

ಡಾಕ್ಟರು ಎಲ್ಲ ಕೇಳಿ, "ಹಳೇ ಮಾತ್ರೇಲಿ ದನಿ ನಿಂತಿತ್ತಲ್ಲ, ಬದಲಾಯಿಸಿದ್ದು ಯಾಕೆ?" ಎಂದರು.

"ಮಧ್ಯಾಹ್ನ ತೂಕಡಿಸ್ತಿದ್ದಳು," ಎಂದ ಭಾವ. "ಹೊಸದು ಬಂದಿದೆ ಅಂತ ಕೇಳಿದೆ. ದುಬಾರಿ ಅಂದ್ಮೇಲೆ ಒಳ್ಳೇದೇ ಇರಬೇಕಲ್ಲ?"

"ಎರಡರಲ್ಲೂ ಇರೋದು ಒಂದೇ ಔಷಧಿ. ಹೊಸದನ್ನ ದಿನಕ್ಕೆ ಒಂದು ಸಲ ನುಂಗಿದರೆ ಸಾಕು, ಕೆಲವರಿಗೆ ಮಂಪರು ಸ್ವಲ್ಪ ಕಡಿಮೆ. ಇವರಿಗೆ ಅಷ್ಟೇ ಲಾಭ. ಅದಕ್ಕೆ ನಿಮ್ಮ ಮನೆ ಅಷ್ಟು ಬೆಲೆ ತೆರಬೇಕಾ, ನೀವೇ ಹೇಳಿ. ಹಗಲು ತೂಕಡಿಕೆ ತಗ್ಗೋ ಹಾಗೆ ಹಳೇದರಲ್ಲೇ ಹೆಚ್ಚಿನ ಪಾಲು ರಾತ್ರಿಗೆ ಕೊಟ್ಟು ನೋಡಬಹುದು."

"ಹಾಗಾದ್ರೆ ಈ ಹೊಸ ಮಾತ್ರೆಗಳೆಲ್ಲ ಮೋಸ ಅನ್ನಿ," ಎಂದ ಅಕ್ಕಸಾಲಿ.

"ಹಾಗನ್ನಬೇಡಿ. ಕೆಲವು ಹಳೇ ಔಷಧಿಗಳಿಂದ ಕೈಕಾಲು ನಡುಗೋರಿದ್ದಾರೆ, ಅವುಗಳಿಂದ ಕಾಯಿಲೆ ಜಗ್ಗದೇ ಇರೋರಿದ್ದಾರೆ. ಅಂಥವರಿಗೆ ಬೇರೆಯೇ ಹೊಸ ಔಷಧಿ ಬೇಕಾಗಬಹುದು. ಆಗ ಅದರ ಬೆಲೆಗೂ ಅರ್ಥ ಇರುತ್ತೆ."

ಭಾವ ಸಿಡುಕಿದ. "ಅಗ್ಗದ್ದು ನುಂಗಿ ನಾಲ್ಕು ಜನರ ಮುಂದೆ ತೂಕಡಿಸ್ತಾ ಕೂತರೆ ಮಾನ ಉಳಿಯುತ್ತಾ?"

ಅಷ್ಟು ಹೊತ್ತು ನೆಲ ನೋಡುತ್ತಿದ್ದ ತಂಗಿ ತಲೆ ಎತ್ತಿದಳು.

"ತೂಕಡಿಸೋದು ನಾನು, ಮಾನ ಹೋಗೋದು ನಿನಗಾ ಅಣ್ಣ? ನನಗೆ ಈ ಬೈಗುಳ ನಿಂತರೆ ಸಾಕು. ಡಾಕ್ಟ್ರೇ, ಹಳೇದೇ ಕೊಡಿ. ಅದು ಮತ್ತೆ ಕೆಲಸ ಮಾಡುತ್ತಾ?"

"ಮಾಡುತ್ತೆ ಅಂತ ನಂಬಿಕೆ ಇದೆ. ಆದ್ರೆ ನಾಳೆಗೇ ಅಲ್ಲ. ಕಾಯಬೇಕು. ಒಂದು ಹೊತ್ತೂ ತಪ್ಪಿಸಬಾರದು."

ಅಕ್ಕಸಾಲಿ ಹೆಂಡತಿಯ ಕೈ ಹಿಡಿದುಕೊಂಡು, "ಇನ್ನು ಕತ್ತರಿ ಮುಟ್ಟಲ್ಲ ಕಣೇ," ಎಂದ. ಭಾವ ಕುರ್ಚಿ ತಳ್ಳಿ ಎದ್ದ. "ನೀವುಂಟು, ನಿಮ್ಮ ಡಾಕ್ಟ್ರುಂಟು!" ಎಂದು ಬಾಗಿಲು ದೂಡಿಕೊಂಡು ಹೊರಟ.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಮನಸ್ಸಿನ ಕಾಯಿಲೆಗೆ ಯಾರಾದರೂ ಮಾತ್ರೆ ನುಂಗುತ್ತಿರಬಹುದು. ಬೆಲೆ ಭಾರವಾಯಿತೆಂದು ನೀವೇ ಕತ್ತರಿಸಬೇಡಿ, ನಿಲ್ಲಿಸಬೇಡಿ. ದುಬಾರಿಯಾದ್ದರಿಂದಲೇ ಒಳ್ಳೆಯದೆಂದು ನಂಬಲೂ ಬೇಡಿ. ಡಾಕ್ಟರ ಎದುರು ಕೂತು ನಾಚಿಕೆ ಬಿಟ್ಟು ಕೇಳಿ: ಹಳೆಯದಕ್ಕಿಂತ ಇದರಿಂದ ನಮ್ಮವರಿಗೆ ಏನು ಹೆಚ್ಚು ಗುಣ? ತೊಂದರೆ ಏನು? ಇದೇ ಔಷಧಿ ಬೇರೆ ಕಂಪನಿಯದು ಅಗ್ಗಕ್ಕೆ ಸಿಗುತ್ತದೆಯೇ? ಇಷ್ಟು ದುಡ್ಡು ನಮ್ಮಿಂದಾಗದು, ಬೇರೆ ದಾರಿ ಇದೆಯೇ? ಮೊದಲು, ನುಂಗುವವರನ್ನೇ ಕೇಳಿ, ಅವರಿಗೆ ಏನು ಬೇಕು ಎಂದು.

ಹೀಗೆ ಕೇಳಿದ್ದಕ್ಕೆ ಯಾರಾದರೂ ಮುನಿಸಿಕೊಂಡು ಎದ್ದು ಹೋದರೆ ಹೋಗಲಿ ಬಿಡಿ. ಭಾವ ಅವತ್ತು ಹೋದವನು ಇನ್ನೂ ಆ ಮನೆಯ ಕಡೆ ತಿರುಗಿ ನೋಡಿಲ್ಲ.